ಬೀಡಿ ಕಟ್ಟುವ ಕೈಗೆ ಫ್ಲ್ಯಾಶ್ ಏಕೆ?

ಕರಾವಳಿಯ ಬೀಡಿ ಕಾರ್ಮಿಕರ ಬಗ್ಗೆ ಪತ್ರಿಕೆಗಳಲ್ಲಿ ಲೇಖನ ಬಂದಾಗ ಅದರ ಜೊತೆಗಿರುವ ಚಿತ್ರ ಹೆಚ್ಚಾಗಿ ಒಂದೇ ಬಗೆಯದು. ಕಪ್ಪು ಹಿನ್ನೆಲೆ, ನಡುವೆ ಎರಡು ಕೈಗಳು, ಬೆರಳುಗಳ ಮಧ್ಯೆ ಅರ್ಧ ಸುತ್ತಿದ ಎಲೆ. ಉಗುರಿಗಂಟಿದ ಹೊಗೆಸೊಪ್ಪಿನ ಪುಡಿಯನ್ನೂ ಎಣಿಸಬಹುದು. ಎಷ್ಟೊಂದು ಸ್ಪಷ್ಟ ಎಂದು ಮೆಚ್ಚುತ್ತೇವೆ. ನನ್ನ ತಕರಾರು ಇರುವುದು ಈ ಸ್ಪಷ್ಟತೆಯ ಬಗ್ಗೆಯೇ.

ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಕತ್ತಲ ಕೋಣೆಯಲ್ಲಿ ಚಿತ್ರ ಮೂಡುವುದು ಆ ಒಂದು ಮಿಂಚಿನಲ್ಲೇ. ಆದ್ದರಿಂದ ಓಡುವ ಕೈಯೂ ಕಲ್ಲಿನ ಕೈಯಂತೆ ನಿಂತುಬಿಡುತ್ತದೆ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಈ ವಿದ್ಯೆಯನ್ನು ಬೆಳೆಸಲು ಹೊರಟದ್ದು ತಿರುಗುವ ಯಂತ್ರಗಳನ್ನು ಪರೀಕ್ಷಿಸುವುದಕ್ಕಾಗಿ. ಯಂತ್ರಕ್ಕೆ ಅದು ಸರಿ. ಮನುಷ್ಯರ ದುಡಿಮೆಗೆ?

ಲೆಕ್ಕ ಹಾಕಿ ನೋಡಿ. ಬೀಡಿಗೆ ಮಜೂರಿ ಸಾವಿರದ ಲೆಕ್ಕದಲ್ಲಿ. ಎಂಟು ಗಂಟೆಯಲ್ಲಿ ಸಾವಿರ ಬೀಡಿ ಮುಗಿಸಬೇಕೆಂದರೆ ಒಂದೊಂದಕ್ಕೆ 29 ಸೆಕೆಂಡು ಕೂಡ ಸಿಗುವುದಿಲ್ಲ. ಅಷ್ಟರೊಳಗೆ ಎಲೆ ಕತ್ತರಿಸಬೇಕು, ಹೊಗೆಸೊಪ್ಪು ಹರಡಬೇಕು, ಸುರುಳಿ ಸುತ್ತಬೇಕು, ತುದಿ ಮಡಚಬೇಕು, ನೂಲು ಕಟ್ಟಬೇಕು. ಎಲೆ ನೆನೆಸುವ ಹೊತ್ತು, ಬ್ರಾಂಚಿಗೆ ಹೋಗಿ ಕಾಯುವ ಹೊತ್ತು ಇದರಲ್ಲಿ ಸೇರಿಲ್ಲ. ಅಡುಗೆ, ನಮಾಝ್, ಮಗುವಿನ ಅಳು ಯಾವುದೂ ಸೇರಿಲ್ಲ. ಆಕೆಯ ಬೆನ್ನುನೋವಿಗೆ, ಕುತ್ತಿಗೆನೋವಿಗೆ ಕಾರಣವಾದ ಈ ಓಟವೇ ಚಿತ್ರದಲ್ಲಿಲ್ಲ! ಉಳಿಯುವುದು ಬೆರಳುಗಳ ಚಂದ. ಕಡಿಮೆ ಮಜೂರಿಯ ದುಡಿಮೆ ಕರಕುಶಲ ಕಲೆಯಾಗಿಬಿಡುತ್ತದೆ. ಇಂಥ ಚಿತ್ರವನ್ನು ಬೀಡಿ ಕಂಪೆನಿಯವರು ತಮ್ಮ ಕ್ಯಾಲೆಂಡರಿನಲ್ಲಿ ಹಾಕಿಕೊಂಡರೂ ಅವರಿಗೆ ಮುಜುಗರವಾಗಲಿಕ್ಕಿಲ್ಲ.

ಆ ಕಪ್ಪು ಹಿನ್ನೆಲೆಯದೂ ಒಂದು ಕಥೆ. ಫ್ಲ್ಯಾಶ್‌ನಿಂದ ದೂರ ಇಮ್ಮಡಿಯಾದರೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿರುವ ಕೈ ಬೆಳಗುತ್ತದೆ, ಹಿಂದಿರುವ ಮನೆ ಕತ್ತಲಲ್ಲಿ ಮುಳುಗುತ್ತದೆ. ಸುಣ್ಣ ಕಾಣದ ಗೋಡೆ, ಮೂಲೆಯಲ್ಲಿನ ಶಾಲೆಯ ಚೀಲ, ಅಮ್ಮನ ಪಕ್ಕದಲ್ಲಿ ನೂಲು ಹಿಡಿದು ಕುಳಿತ ಹುಡುಗಿ, ಎಲ್ಲವೂ ಮಾಯ. ಮನೆಯೇ ಕಾರ್ಖಾನೆಯಾಗಿರುವ ಉದ್ಯೋಗದಲ್ಲಿ ಮನೆಯನ್ನೇ ಅಳಿಸಿದರೆ ಹೇಗೆ?

"ನಿಮ್ಮ ಹೆಂಗಸರು ಮುಖ ತೋರಿಸುವುದಿಲ್ಲವಲ್ಲ, ಕೈ ಬಿಟ್ಟು ಇನ್ನೇನು ತೆಗೆಯುವುದು?" ಎಂದು ಛಾಯಾಗ್ರಾಹಕರೊಬ್ಬರು ನನ್ನನ್ನು ಕೇಳಿದ್ದುಂಟು. ಬೀಡಿ ಕಟ್ಟುವವರೆಲ್ಲ ಮುಸ್ಲಿಮರಲ್ಲ ಎಂಬುದು ಹಾಗಿರಲಿ. ಮುಖ ಬೇಡವೆಂದರೆ ಅದು ಆಕೆಯ ಹಕ್ಕು, ಅದನ್ನು ಗೌರವಿಸಲೇಬೇಕು. ಆದರೆ ಮುಖ ಬೇಡ ಎಂದವಳು ತನ್ನ ಮನೆಯನ್ನೂ ತನ್ನ ವೇಗವನ್ನೂ ಬೇಡ ಎಂದಿಲ್ಲ. ಹೆಚ್ಚಿನವರು ಆಕೆಯನ್ನು ಏನೂ ಕೇಳಿರುವುದೇ ಇಲ್ಲ. "ಕೈ ಒಮ್ಮೆ ಹಾಗೇ ಇರಲಿ ಅಮ್ಮಾ" ಎನ್ನುತ್ತಾರೆ, ನಾಲ್ಕೈದು ಸಲ ಮಿಂಚಿಸುತ್ತಾರೆ, ಹೊರಡುತ್ತಾರೆ. ಆ ಹೊತ್ತಿನ ಬೀಡಿಯ ದುಡ್ಡು ಕೊಡುವವರು ಯಾರು?

ಒಳಗೆ ಬೆಳಕಿಲ್ಲ ಎಂಬ ನೆಪ ಪೂರ್ತಿ ಸುಳ್ಳಲ್ಲ. ಆದರೆ ಬೀಡಿ ಕಟ್ಟುವವರು ಸ್ವತಃ ಬೆಳಕು ಹುಡುಕಿಕೊಂಡು ಬಾಗಿಲ ಬಳಿ, ಜಗಲಿಯಲ್ಲಿ ಕೂರುತ್ತಾರೆ. ಅಲ್ಲಿ ಕ್ಯಾಮೆರಾವನ್ನು ಒಂದು ಸ್ಟೂಲಿನ ಮೇಲಿಟ್ಟು ಶಟರನ್ನು ಸೆಕೆಂಡಿನ ಎಂಟರಲ್ಲೊಂದು ಭಾಗಕ್ಕೆ ಇಳಿಸಲಿ. ಮೊರ, ಕತ್ತರಿ, ಮಡಿಲು ಸ್ಪಷ್ಟವಾಗಿರುತ್ತವೆ. ಬೆರಳು ಮಾತ್ರ ಮಸುಕಾಗುತ್ತದೆ. ಫ್ಲ್ಯಾಶ್ ಬೇಕೇ ಬೇಕೆಂದರೆ ಗೋಡೆಗೆ ಹೊಡೆದು ಬೆಳಕನ್ನು ಹರಡಿಸಬಹುದು, ಶಟರ್ ಮುಚ್ಚುವ ಮುನ್ನ ಕೊನೆಯಲ್ಲಿ ಮಿಂಚುವಂತೆ ಹೊಂದಿಸಬಹುದು. ಆಗ ಕೈ ಬಂದ ದಾರಿ ಅದರ ಹಿಂದೆ ಗೆರೆಯಾಗಿ ಉಳಿಯುತ್ತದೆ. ಇದು ಛಾಯಾಗ್ರಾಹಕರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ತಬಲಾ ವಾದಕರ ಚಿತ್ರ ತೆಗೆಯುವಾಗ ಬೆರಳು ಮಸುಕಾದರೆ ಅದನ್ನೇ ಲಯ ಎಂದು ಹೊಗಳುತ್ತಾರಲ್ಲ, ಬೀಡಿ ಕಟ್ಟುವವಳ ಬೆರಳು ಮಸುಕಾದರೆ ಮಾತ್ರ ಚಿತ್ರ ಕೆಟ್ಟಿತು ಎಂದು ಪತ್ರಿಕಾ ಕಚೇರಿಯವರು ಏಕೆ ಬದಿಗಿಡುತ್ತಾರೆ?