ಆಡದೆ ಉಳಿದ ಆಟ ಸಾಲವಲ್ಲ

ಪೊಂಗಲ್ ರಜೆಗೆಂದು ಬೆಂಗಳೂರಿನಿಂದ ತಮಿಳುನಾಡಿನ ಪೆನ್ನಾಗರಕ್ಕೆ ಬಂದಿದ್ದ ನಮ್ಮ ನೆಂಟರ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು ಒಂದು ಪಟ್ಟಿ ತೋರಿಸಿದ. ಎಕ್ಸೆಲ್ ಹಾಳೆ. ಆಟದ ಹೆಸರು, ಕೊಂಡ ಬೆಲೆ, ಮುಗಿಸಲು ಹಿಡಿಯುವ ಗಂಟೆ, ಕೊನೆಯ ಕಾಲಂನಲ್ಲಿ ಹಸಿರು ಇಲ್ಲವೇ ಕೆಂಪು. ನೂರಕ್ಕೂ ಹೆಚ್ಚು ಸಾಲುಗಳಿದ್ದವು, ಬಹುಪಾಲು ಕೆಂಪು. “ಈ ವರ್ಷ ಹೊಸದು ಒಂದೂ ತಗೊಳ್ಳಲ್ಲ ಮಾವ. ಇರೋದನ್ನೆಲ್ಲ ಮುಗಿಸಿಬಿಡ್ತೀನಿ. ನೋಡಿದ್ರೆ ನಾಚಿಕೆ ಆಗುತ್ತೆ” ಅಂದ.

ಇದು ಅವನೊಬ್ಬನ ಮಾತಲ್ಲ. ಕೊಂಡಿಟ್ಟ ವಿಡಿಯೊ ಗೇಮುಗಳ ರಾಶಿಯನ್ನು ಕರಗಿಸುವ ಪ್ರತಿಜ್ಞೆ ಈಗ ಹೊಸ ವರ್ಷದ ವಾಡಿಕೆಯೇ ಆಗಿದೆ. ಯಾವ ಆಟಕ್ಕೆ ಎಷ್ಟು ಗಂಟೆ ಬೇಕೆಂದು ಲೆಕ್ಕ ಕೊಡುವ ಜಾಲತಾಣಗಳಿವೆ, ಎಷ್ಟು ಮುಗಿಸಿದೆ ಎಂದು ದಾಖಲಿಸುವ ತಾಣಗಳೂ ಇವೆ. ಆ ನಾಚಿಕೆಗೆ ಕಾರಣವೇ ಇಲ್ಲ ಎಂದು ನಾನು ನಂಬಿದ್ದೇನೆ. ಆಡದೆ ಉಳಿದ ಆಟ ಯಾರಿಗೂ ತೀರಿಸಬೇಕಾದ ಬಾಕಿಯಲ್ಲ. ಕಾಲೇಜಿನ ಅರಿಯರ್ ಪೇಪರುಗಳನ್ನು ಒಂದೊಂದಾಗಿ ಬರೆದು ಕಳೆದುಕೊಳ್ಳುವ ಹಾಗೆ ಆಟಗಳನ್ನು ಕಳೆದುಕೊಳ್ಳಲು ಹೊರಟವನು ಆಡುತ್ತಿರುವುದಿಲ್ಲ. ಆಫೀಸು ಮುಗಿದ ಮೇಲೆ ಅವನು ಎರಡನೇ ಪಾಳಿಗೆ ಕೂತಿರುತ್ತಾನೆ.

ಈ ರಾಶಿ ಬೆಳೆದದ್ದು ಹೇಗೆ ಎಂಬುದನ್ನು ನಮ್ಮ ಕಡೆಯಿಂದಲೇ ನೋಡಬಹುದು. ಪೆನ್ನಾಗರ, ಮೆಟ್ಟೂರು, ಕೊಳತ್ತೂರು ಸುತ್ತಿನ ಕನ್ನಡದ ಮನೆಗಳ ಹುಡುಗರು ಸೇಲಂನಲ್ಲಿ ಇಂಜಿನಿಯರಿಂಗ್ ಓದುವಾಗ ಅವರ ಬಳಿ ಹೊತ್ತಿತ್ತು, ಹಣವಿರಲಿಲ್ಲ. ಬ್ರೌಸಿಂಗ್ ಸೆಂಟರ್‌ನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ‘ಕೌಂಟರ್ ಸ್ಟ್ರೈಕ್’ ಆಡಿದರು. ‘ವೈಸ್ ಸಿಟಿ’ಯ ನಕಲು ಸಿಡಿ ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಹೋಯಿತು. 2012ರ ಹೊತ್ತಿಗೆ ಚೆನ್ನೈ ಹೊರತು ಉಳಿದ ತಮಿಳುನಾಡಿನಲ್ಲಿ ಕರೆಂಟು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿದ್ದ ಕಾಲವಿತ್ತು. ಅಣೆಕಟ್ಟಿನಿಂದಲೂ ಕಲ್ಲಿದ್ದಲಿನಿಂದಲೂ ವಿದ್ಯುತ್ ತೆಗೆಯುವ ಮೆಟ್ಟೂರಿನ ಸುತ್ತಲೂ ಅದೇ ಪಾಡು. ಯುಪಿಎಸ್ ಕೀರಲು ತೊಡಗಿದರೆ ಉಳಿದದ್ದು ಕೆಲವೇ ನಿಮಿಷ, ಅಷ್ಟರಲ್ಲಿ ಸೇವ್ ಮಾಡುವ ಜಾಗ ತಲುಪಬೇಕು. ಹಾಗೆ ಆಡಿದ ಹುಡುಗನಿಗೆ ಒಂದೊಂದು ಆಟವೂ ಬಾಯಿಪಾಠ ಆಗಿರುತ್ತಿತ್ತು.

ಮುಂದೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹಣ ಬಂತು, ಹೊತ್ತು ಹೋಯಿತು. ಶನಿವಾರ ಊರಿಗೆ ಬಂದು ಭಾನುವಾರ ಸಂಜೆ ಧರ್ಮಪುರಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಮತ್ತೆ ಬಸ್ಸು ಹತ್ತುವವನಿಗೆ ಆಡಲು ಬಿಡುವೆಲ್ಲಿ? ಆಗ ಅವನು ಕೊಂಡದ್ದು ಹತ್ತೊಂಬತ್ತರ ವಯಸ್ಸಿನಲ್ಲಿ ಬಯಸಿ ಸಿಗದೆ ಹೋದದ್ದನ್ನು. ಆ ಬಯಕೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಸಂಬಳ ಬಂದ ಮೇಲೆ ತಂಗಿಗೆ ಒಳ್ಳೆಯ ಬಟ್ಟೆ ತಂದವನು ತನ್ನೊಳಗಿನ ಹುಡುಗನಿಗೂ ಏನೋ ತಂದುಕೊಟ್ಟ.

ಆ ಬಯಕೆಯನ್ನು ಅಂಗಡಿಗಳು ಚೆನ್ನಾಗಿ ಬಲ್ಲವು. ವಾಲ್ವ್ ಕಂಪನಿ ವಿಡಿಯೊ ಗೇಮುಗಳ ‘ಸ್ಟೀಮ್’ ಜಾಲತಾಣವನ್ನು ತೆರೆದದ್ದು 2003ರಲ್ಲಿ. ಇಲ್ಲಿ ರೂಪಾಯಿಯಲ್ಲೇ ಬೆಲೆ ಕಾಣತೊಡಗಿದ್ದು 2015ರ ಕೊನೆಗೆ. ಮೂರು ಸಾವಿರದ ಆಟ ಬೇಸಿಗೆಯ ರಿಯಾಯಿತಿಯಲ್ಲಿ ಐದಾರು ನೂರಕ್ಕೆ ಇಳಿದು, ಪಕ್ಕದಲ್ಲಿ ಇನ್ನಿಷ್ಟೇ ದಿನ ಎಂಬ ಸೂಚನೆ ಓಡುತ್ತಿದ್ದರೆ ಕೈ ತಡೆಯುವುದಿಲ್ಲ. 2018ರ ಡಿಸೆಂಬರಿನಲ್ಲಿ ಬಂದ ಎಪಿಕ್ ಅಂಗಡಿ ಆಟಗಳನ್ನು ಪುಕ್ಕಟೆಯಾಗಿಯೇ ಹಂಚಲು ಶುರುಮಾಡಿತು. 2020ರ ಮೇ ತಿಂಗಳಲ್ಲಿ ‘ಜಿಟಿಎ 5’ ಕೊಟ್ಟ ದಿನ ಜನ ಮುಗಿಬಿದ್ದು ಅದರ ಸರ್ವರ್ ಕುಸಿದೇ ಹೋಯಿತು. 2024ರ ಒಂದೇ ವರ್ಷ ಸ್ಟೀಮಿನಲ್ಲಿ ಬಿಡುಗಡೆಯಾದ ಆಟಗಳು 18,000ಕ್ಕೂ ಹೆಚ್ಚು. ಇಷ್ಟನ್ನು ಮಾರಲೆಂದೇ ಕಟ್ಟಿದ ವ್ಯವಸ್ಥೆಯಲ್ಲಿ ಕೊಂಡವನ ಬಳಿ ರಾಶಿ ಬಿದ್ದರೆ ಅದು ಅವನ ಸೋಮಾರಿತನಕ್ಕೆ ಸಾಕ್ಷಿಯಾಗುವುದು ಹೇಗೆ?

ಅವನು ಒಬ್ಬಂಟಿಯೂ ಅಲ್ಲ. 2014ರಲ್ಲಿ ಆರ್ಸ್ ಟೆಕ್ನಿಕಾ ಪತ್ರಿಕೆ ಸ್ಟೀಮ್ ಖಾತೆಗಳ ಮಾದರಿಯನ್ನು ತೆಗೆದು ಲೆಕ್ಕ ಹಾಕಿದಾಗ, ಜನ ಹೊಂದಿದ್ದ ಆಟಗಳಲ್ಲಿ ಸುಮಾರು ಶೇ. 37ನ್ನು ಒಮ್ಮೆಯೂ ತೆರೆದಿರಲಿಲ್ಲ. ಹತ್ತು ವರ್ಷದ ನಂತರ, 2024ರ ವಾರ್ಷಿಕ ಲೆಕ್ಕದಲ್ಲಿ ಸ್ಟೀಮ್ ತಾನೇ ಹೇಳಿದ ಪ್ರಕಾರ ನಡುಮಟ್ಟದ ಬಳಕೆದಾರನೊಬ್ಬ ವರ್ಷವಿಡೀ ಆಡಿದ್ದು ನಾಲ್ಕು ಆಟ. ಆಡಿದ ಒಟ್ಟು ಹೊತ್ತಿನಲ್ಲಿ ಆ ವರ್ಷದ ಹೊಸ ಆಟಗಳಿಗೆ ಸಂದದ್ದು ಶೇ. 15 ಮಾತ್ರ, ಮಿಕ್ಕದ್ದೆಲ್ಲ ಹಳೆಯವಕ್ಕೆ. ಜನ ತಮಗೆ ಹಿಡಿಸಿದ ಮೂರು ನಾಲ್ಕಕ್ಕೆ ಮತ್ತೆ ಮತ್ತೆ ಹೋಗುತ್ತಾರೆ. ನನ್ನ ಕಣ್ಣಿಗೆ ಇದು ಆರೋಗ್ಯದ ಲಕ್ಷಣ.

ನಮ್ಮ ಮನೆಗಳಲ್ಲಿ ಚೌಕಾಬಾರ ಆಡಿದವರಿಗೆ ಇದು ಹೊಸದೇನಲ್ಲ. ಐದು ಸಾಲು, ಐದು ಕಾಲಂ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ. ಕವಡೆ ಇಲ್ಲದ ಮನೆಯಲ್ಲಿ ಹುಣಿಸೆ ಬೀಜವನ್ನು ಒಂದು ಮಗ್ಗುಲು ಬಿಳಿಯಾಗುವ ತನಕ ಕಲ್ಲಿಗೆ ತಿಕ್ಕುತ್ತಿದ್ದರು. ಧರ್ಮಪುರಿ ಕೃಷ್ಣಗಿರಿಗಳಲ್ಲಿ ಹುಣಿಸೆಗೆ ಬರವಿಲ್ಲ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ, ಜತೆಗೆ ಇನ್ನೊಂದು ಸರದಿ. ಎದುರಾಳಿಯ ಕಾಯನ್ನು ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಒಂದೇ ಆಟ, ಒಂದೇ ಮನೆ, ಮೂರು ತಲೆಮಾರು ಅದರ ಸುತ್ತ ಕೂತು ಜಗಳಾಡಿತು. ಇವತ್ತು ಕಾಯಿ ಹಣ್ಣಾದರೆ ನಾಳೆ ಮತ್ತೆ ಮೊದಲಿನಿಂದ. ಆಡಿ ಮುಗಿಸಿ ಪಕ್ಕಕ್ಕಿಡುವುದು ಎಂಬುದೇ ಅಲ್ಲಿರಲಿಲ್ಲ. ಕಥೆಯಿರುವ ವಿಡಿಯೊ ಗೇಮಿಗೆ ಕೊನೆಯಿದೆ ನಿಜ, ಆದರೆ ಕೊನೆ ಮುಟ್ಟಿದ್ದಕ್ಕೆ ಮಾತ್ರ ಬೆಲೆ ಎನ್ನುವುದು ಆಟದ ಸ್ವಭಾವದಿಂದ ಬಂದ ಮಾತಲ್ಲ, ಪಟ್ಟಿ ಬರೆದವರು ಹಚ್ಚಿದ್ದು.

ಪಟ್ಟಿಯನ್ನೇ ನಂಬಿ ಲೆಕ್ಕ ಹಾಕೋಣ. ನೂರು ಆಟ, ಒಂದಕ್ಕೆ ಸರಾಸರಿ 20 ಗಂಟೆ, ಒಟ್ಟು 2,000 ಗಂಟೆ. ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ ಒಂಬತ್ತು ವರ್ಷ ದಾಟುತ್ತದೆ. ‘ದಿ ವಿಚರ್ 3’ರ ಮುಖ್ಯ ಕಥೆಯೊಂದೇ ಸುಮಾರು 50 ಗಂಟೆ, ಅಂದರೆ ಹನ್ನೆರಡು ವಾರ. ಇದು ಆಗದ ಮಾತೆಂದು ಗೊತ್ತಾದಾಗ ರಾಶಿ ಕರಗಿಸುವವರು ಪರಸ್ಪರ ಕೊಡುವ ಸಲಹೆಯೊಂದಿದೆ: ಚಿಕ್ಕ ಆಟಗಳನ್ನು ಮೊದಲು ಹೊಡೆದುಹಾಕು, ಸಂಖ್ಯೆ ಬೇಗ ಇಳಿಯುತ್ತದೆ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ನಮ್ಮ ಹುಡುಗನ ಪಟ್ಟಿಯಲ್ಲಿ ಹಾಗೆ ಮೊದಲು ಹಸಿರಾದದ್ದು ‘ವೆಣ್ಬಾ’.

‘ವೆಣ್ಬಾ’ ಟೊರಾಂಟೊದ ವಿಸೈ ಗೇಮ್ಸ್ 2023ರ ಜುಲೈ ಕೊನೆಗೆ ತಂದ ಆಟ. ಮರುವರ್ಷ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ ಪಡೆಯಿತು. ಆಡಲು ಒಂದೂವರೆ ಗಂಟೆ ಸಾಕು. 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿ, ಅವರಿಗೊಬ್ಬ ಮಗ, ತಾಯಿಯ ಊರಿನಿಂದ ಬಂದ ಒಂದು ಅಡುಗೆ ಪುಸ್ತಕ. ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕು, ಪುಟ್ಟಿಗೆ ಯಾವುದರ ಮೇಲೆ ಯಾವುದು ಎಂಬುದನ್ನು ಉಳಿದ ಗೆರೆಗಳಿಂದ ನಾವೇ ಊಹಿಸಿ ಬೇಯಿಸಬೇಕು. ಒಲೆ ಉರಿಯುವಾಗ ಹಿನ್ನೆಲೆಯಲ್ಲಿ ಆಯಾ ಕಾಲದ ತಮಿಳು ಸಿನಿಮಾದ ಧಾಟಿಯ ಹಾಡು. ಮಗ ದೊಡ್ಡವನಾಗುತ್ತಾನೆ, ತಾಯಿ ತಮಿಳಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗುತ್ತಾನೆ. ತಪ್ಪು ಮಾಡಿದರೆ ಸೋಲಿಲ್ಲ, ಮತ್ತೆ ಬೇಯಿಸಿದರಾಯಿತು. ಸೋಲು ಬೇರೆ ಕಡೆ ನಡೆಯುತ್ತಿರುತ್ತದೆ, ಊಟದ ಮೇಜಿನ ಸುತ್ತ.

ಪೆನ್ನಾಗರದ ಕನ್ನಡದ ಮನೆಯಲ್ಲಿ ಹುಟ್ಟಿದವನಿಗೆ ಇದು ಕೆನಡಾದ ಕಥೆಯಲ್ಲ. ಅಜ್ಜಿ ಕನ್ನಡದಲ್ಲಿ “ಉಂಡೇನೋ?” ಎಂದರೆ ಮೊಮ್ಮಗ ತಮಿಳಿನಲ್ಲಿ “ಸಾಪ್ಟಾಚ್ಚು” ಅನ್ನುತ್ತಾನೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲೂ ಕನ್ನಡ ಹೀಗೆಯೇ ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಬಂದು ಅಲ್ಲೇ ನಿಲ್ಲುವುದನ್ನು ಕಂಡಿದ್ದೇನೆ. ಶಾಲೆ ತಮಿಳಿನದೋ ಇಂಗ್ಲಿಷಿನದೋ, ಕೆಲಸ ಬೆಂಗಳೂರಿನ ಇಂಗ್ಲಿಷಿನದು. ಇಲ್ಲಿ ತಮಿಳಿನೆದುರು ಸರಿಯುತ್ತಿರುವ ಕನ್ನಡದ ಜಾಗದಲ್ಲಿ ಅಲ್ಲಿ ಇಂಗ್ಲಿಷಿನೆದುರು ತಮಿಳೇ ನಿಂತಿದೆ. ನಮ್ಮ ಹುಡುಗನಿಗೆ ಇದಕ್ಕಿಂತ ಹತ್ತಿರದ ಆಟ ಇನ್ನೊಂದು ಸಿಗಲಾರದು. ಅದು ಹೇಗಿತ್ತು ಎಂದು ಕೇಳಿದೆ. “ಚೆನ್ನಾಗಿತ್ತು, ಒಂದೇ ರಾತ್ರೀಲಿ ಮುಗೀತು, ಆಮೇಲೆ ಇನ್ನೊಂದು ಶುರುಮಾಡ್ದೆ” ಅಂದ. ಅವನು ಸಂವೇದನೆ ಇಲ್ಲದವನಲ್ಲ, ನಾನವನನ್ನು ಚಿಕ್ಕಂದಿನಿಂದ ಬಲ್ಲೆ. ಒಂದು ವಾರ ಮನಸ್ಸಿನಲ್ಲಿ ಉಳಿಯಬೇಕಾದದ್ದನ್ನು ಅರ್ಧ ಗಂಟೆಯಲ್ಲಿ ಮತ್ತೊಂದು ಆಟದ ಕೆಳಗೆ ಹೂತುಹಾಕಿದ್ದು ಆ ಕೆಂಪು ಹಸಿರಿನ ಕಾಲಂ. ಅಜ್ಜಿಗೆ ಫೋನು ಮಾಡಿ ಕೊಳ್ಳುಹುಳಿಗೆ ಏನೇನು ಹಾಕುತ್ತಾಳೆಂದು ಕೇಳಿ ಬರೆದುಕೊಳ್ಳಲು ಆ ಆಟ ಅವನನ್ನು ಎಬ್ಬಿಸಬಹುದಿತ್ತು.

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವನ್ನು ನಾನು ಗೌರವಿಸುತ್ತೇನೆ. ಮೊದಲನೆಯದು ಹಣದ್ದು. ಮಗ್ಗದ ಮುಂದೆಯೋ ಮಾವಿನ ತೋಟದಲ್ಲೋ ದಿನವಿಡೀ ದುಡಿಯುವ ಅಪ್ಪನಿಗೆ ಐನೂರು ರೂಪಾಯಿ ಒಂದು ದಿನದ ಮಾತು. ಮಗ ಅಷ್ಟು ಕೊಟ್ಟು ಕೊಂಡದ್ದನ್ನು ತೆರೆದೂ ನೋಡುವುದಿಲ್ಲವೆಂದರೆ ಅವರಿಗೆ ಸಂಕಟವಾಗುವುದು ನ್ಯಾಯ. ಆದರೆ ಆ ಸಂಕಟ ಅನ್ವಯಿಸುವುದು ಕೊಳ್ಳುವ ಗಳಿಗೆಗೆ. ಕೊಂಡ ಮೇಲೆ, ಹಿಡಿಸದ ಆಟವನ್ನು ಮೂವತ್ತು ಗಂಟೆ ಆಡಿದರೆ ಐನೂರು ರೂಪಾಯಿ ಹಿಂದಿರುಗುವುದಿಲ್ಲ, ಮೂವತ್ತು ಗಂಟೆಯೂ ಹೋಗುತ್ತದೆ. 2015ರ ಜೂನ್‌ನಿಂದ ಸ್ಟೀಮ್, ಕೊಂಡ ಹದಿನಾಲ್ಕು ದಿನದೊಳಗೆ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೊಡುತ್ತದೆ. ಅಪ್ಪನ ದುಡಿಮೆಯನ್ನು ನೆನೆಯುವವನು ಆ ಹದಿನಾಲ್ಕು ದಿನ ನೆನಪಿಟ್ಟುಕೊಳ್ಳಲಿ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಕೆಲವು ಕೃತಿಗಳು ಮೊದಲ ಭೇಟಿಯಲ್ಲಿ ಒಲಿಯುವುದಿಲ್ಲ, ಹಟ ಹಿಡಿದು ಕೂತವರಿಗೆ ಮಾತ್ರ ತೆರೆದುಕೊಳ್ಳುತ್ತವೆ. ಬಿಟ್ಟುಬಿಡು ಎಂದು ಹೇಳಿಕೊಟ್ಟರೆ ಎಲ್ಲವನ್ನೂ ಮೂಸಿ ನೋಡಿ ಎದ್ದುಹೋಗುವ ಪೀಳಿಗೆ ತಯಾರಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. 2019ರ ‘ಔಟರ್ ವೈಲ್ಡ್ಸ್’ನಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿಗೆ ಮರಳುತ್ತದೆ. ಕೈಗೆ ಆಯುಧವಿಲ್ಲ, ಗಳಿಸುವ ಅಂಕವಿಲ್ಲ, ಒಂದು ಸುತ್ತಿನಿಂದ ಮುಂದಿನದಕ್ಕೆ ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಮೊದಲ ಕೆಲವು ಸುತ್ತು ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಅಲ್ಲಿ ಎದ್ದುಹೋದವನು ದೊಡ್ಡದನ್ನು ಕಳೆದುಕೊಂಡ. ಆದರೆ ಅಲ್ಲಿ ಕೂರಿಸಬೇಕಾದದ್ದು ಕುತೂಹಲ. ಪಟ್ಟಿಯ ಒತ್ತಡಕ್ಕೆ ಕೂತವನು ಉತ್ತರಗಳನ್ನು ಯೂಟ್ಯೂಬ್‌ನಲ್ಲಿ ನೋಡಿಕೊಂಡು ಬೇಗ ಕೊನೆ ಮುಟ್ಟುತ್ತಾನೆ. ತಿಳಿಯುವುದೇ ಆಟವಾಗಿರುವಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ತಾಳ್ಮೆ ಬೇಕು ಎನ್ನುವವರ ಜತೆ ನಾನಿದ್ದೇನೆ, ಆ ಕಾರಣಕ್ಕೇ ನೂರರ ಪಟ್ಟಿಗೆ ವಿರೋಧಿಯಾಗಿದ್ದೇನೆ. ತಾಳ್ಮೆ ನೂರು ಕಡೆ ಹಂಚಿಕೊಡಲು ಬರುವ ವಸ್ತುವಲ್ಲ. ಮೂರನ್ನು ಆರಿಸಿಕೊಂಡು ಉಳಿದದ್ದನ್ನು ಮನಸ್ಸಿನಿಂದ ಬಿಟ್ಟವನಿಗೆ ಮಾತ್ರ ಅದು ದಕ್ಕುತ್ತದೆ.

ಆಟವೇ ದಂಡ, ಅಷ್ಟು ಹೊತ್ತಿನಲ್ಲಿ ಇನ್ನೊಂದು ಕೋರ್ಸ್ ಮಾಡಬಹುದಿತ್ತು ಎನ್ನುವವರೊಂದಿಗೆ ನನಗೆ ಚರ್ಚೆಯಿಲ್ಲ.

ಇನ್ನೊಂದು ವಾದವನ್ನು ನಾನು ತಳ್ಳಿಹಾಕಲಾರೆ. ಇವತ್ತು ಆಡದಿದ್ದರೆ ನಾಳೆ ಆಟವೇ ಇರದಿರಬಹುದು ಎಂಬುದು ಅದು. ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದಿ ಕ್ರೂ’ ಎಂಬ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ 31ಕ್ಕೆ ಮುಚ್ಚಿತು. ಹಣ ಕೊಟ್ಟು ಕೊಂಡವರಿಗೂ ಅಂದಿನಿಂದ ಆ ಆಟ ಇಲ್ಲ. ನಾವು ಸ್ಟೀಮಿನಲ್ಲಿ ಕೊಳ್ಳುವುದು ಆಟವನ್ನಲ್ಲ, ಆಡಲು ಪರವಾನಗಿಯನ್ನು. ಇದನ್ನು ಕೊಳ್ಳುವವರಿಗೆ ತಿಳಿಯುವಂತೆ ಹೇಳಲೇಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ. ಕಪಾಟಿನ ಪುಸ್ತಕವನ್ನು ಮಗಳು ಇಪ್ಪತ್ತು ವರ್ಷದ ನಂತರ ತೆಗೆದು ಓದಬಹುದು. ಈ ರಾಶಿಗೆ ಆ ಭಾಗ್ಯವಿಲ್ಲ. ಹಾಗಾದರೆ ಅವಸರ ಪಡಬೇಕಲ್ಲವೇ ಎಂದು ಕೇಳಬಹುದು. ಮಾರಿದವನ ತಪ್ಪಿಗೆ ಕೊಂಡವನು ರಾತ್ರಿ ನಿದ್ದೆಗೆಟ್ಟು ಓಡಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಯುರೋಪಿನಲ್ಲಿ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದೇ ವಿಷಯಕ್ಕೆ ಸಹಿ ಹಾಕಿ ಕಾನೂನು ಕೇಳಿದ್ದಾರೆ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ, ಇಂಥ ಆಟಗಳನ್ನು ಕೊಳ್ಳುವ ಲಕ್ಷಾಂತರ ಯುವಕರಿದ್ದಾರೆ. ಸರ್ವರ್ ಮುಚ್ಚುವ ಮೊದಲು, ಕೊಂಡವರ ಕಂಪ್ಯೂಟರಿನಲ್ಲೇ ಆಟ ನಡೆಯುವಂತೆ ಮಾಡಿಕೊಟ್ಟು ಹೋಗಬೇಕೆಂಬ ನಿಯಮವನ್ನು ಅವರು ಕೇಳಲಿ.