ನೀರಿನ ದಡದಲ್ಲೇ ಬದುಕುವ ನಮಗೆ ಈಜು ಬರುತ್ತದೆಯೇ?

2024ನೇ ಇಸವಿ ನಮ್ಮ ಕರಾವಳಿಗೆ ನೀರಿನಿಂದ ಬಂದ ದುಃಖದ ವರ್ಷ. ಫೆಬ್ರವರಿ 27ರಂದು ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಬರೆದು ಹೊರಟ ಸುರತ್ಕಲ್ ಪರಿಸರದ ನಾಲ್ವರು ಹುಡುಗರು ಹಳೆಯಂಗಡಿ ಸಮೀಪ ನಂದಿನಿ ನದಿಗೆ ಇಳಿದರು, ಮನೆಗೆ ಮರಳಲಿಲ್ಲ. ನವೆಂಬರ್ 17ರಂದು ಸೋಮೇಶ್ವರ ಉಚ್ಚಿಲದ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಪ್ರಾಣ ಕಳೆದುಕೊಂಡರು. ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ಮುರ್ಡೇಶ್ವರದ ಕಡಲು ಎಳೆದೊಯ್ದಿತು.

ಒಂದು ಹೊಳೆ, ಒಂದು ಕೊಳ, ಒಂದು ಕಡಲು. ಹನ್ನೊಂದು ಮಂದಿ, ಎಲ್ಲರೂ ಎಳೆಯರು.

ಇಂತಹ ಘಟನೆಗಳ ನಂತರ ಏನಾಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಉಚ್ಚಿಲದ ರೆಸಾರ್ಟಿಗೆ ಬೀಗ ಬಿತ್ತು, ಮಾಲಕರ ಬಂಧನವಾಯಿತು. ಮುರ್ಡೇಶ್ವರ ಪ್ರಕರಣದಲ್ಲಿ ಶಿಕ್ಷಕರ ಬಂಧನ, ಅಮಾನತು, ಸರಕಾರದಿಂದ ಪರಿಹಾರ ಘೋಷಣೆ ಎಲ್ಲವೂ ನಡೆದು, ಬೀಚನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಲಾಯಿತು. ಪ್ರತಿ ಮಳೆಗಾಲದಲ್ಲೂ ಕಡಲಿಗೆ ಇಳಿಯಬಾರದೆಂಬ ಆದೇಶ ಹೊರಡುತ್ತದೆ, ಮಲ್ಪೆಯಲ್ಲಿ ದಡದುದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಮೇಲಿನ ಮೂರು ದುರಂತಗಳಲ್ಲಿ ಒಂದೂ ಮಳೆಗಾಲದಲ್ಲಿ ನಡೆದದ್ದಲ್ಲ ಎಂಬುದು ಗಮನಾರ್ಹ. ಆದೇಶ ಮತ್ತು ಬಲೆ ದಡದಲ್ಲಿ ಕೆಲಸ ಮಾಡುತ್ತವೆ. ಕಾಲಡಿಯ ನೆಲ ತಪ್ಪಿದ ಮಗುವಿಗೆ ಆ ಗಳಿಗೆಯಲ್ಲಿ ನೆರವಾಗುವುದು ಅದರ ಮೈಗೆ ಮೊದಲೇ ಕಲಿಸಿದ ಪಾಠ ಮಾತ್ರ. ಆ ಪಾಠವನ್ನು ಕಲಿಸುವ ವಿಷಯದಲ್ಲಿ ನಾವು, ಅಂದರೆ ಮನೆ, ಶಾಲೆ, ಧರ್ಮಕೇಂದ್ರ, ಪಂಚಾಯತ್ ಎಲ್ಲರೂ ಹಿಂದೆ ಬಿದ್ದಿದ್ದೇವೆ.

ಇದು ಸಣ್ಣ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ನಾಲ್ಕರಲ್ಲೊಂದು ಪಾಲು ಐದು ವರ್ಷದೊಳಗಿನ ಮಕ್ಕಳು. ಭಾರತದಲ್ಲಿ 2022ರಲ್ಲಿ ದಾಖಲಾದ ಇಂತಹ ಸಾವುಗಳೇ 38 ಸಾವಿರಕ್ಕೂ ಹೆಚ್ಚು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಘೋಷಿಸಿದೆ. ನಮ್ಮ ಊರುಗಳಲ್ಲಿ ಆ ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ.

ಮೂರು ಘಟನೆಗಳಲ್ಲಿ ಉಚ್ಚಿಲದ್ದನ್ನು ಸ್ವಲ್ಪ ನಿಂತು ನೋಡಬೇಕು. ಅಲ್ಲಿ ಅಲೆಯಿಲ್ಲ, ಸುಳಿಯಿಲ್ಲ. ಕೊಳದ ಒಂದು ಬದಿ ಸುಮಾರು ಆರು ಅಡಿ ಆಳ, ಅಷ್ಟೇ. ಆಳ ತಿಳಿಸುವ ಫಲಕವೂ ಜೀವರಕ್ಷಕರೂ ಇರಲಿಲ್ಲವೆಂದು ಪೊಲೀಸರು ಹೇಳಿದ್ದರು. ಒಬ್ಬಾಕೆ ಆಳದ ಕಡೆಗೆ ಸರಿದು ಮುಳುಗತೊಡಗಿದಾಗ ಗೆಳತಿ ಕೈನೀಡಲು ಹೋದಳು, ಅವರಿಬ್ಬರನ್ನು ಉಳಿಸಲು ಮೂರನೆಯವಳು ಹೋದಳು. ಸಿಸಿಟಿವಿಯ ಆ ದೃಶ್ಯವನ್ನು ಸಾವಿರಾರು ಮಂದಿ ಮೊಬೈಲಿನಲ್ಲಿ ಹಂಚಿಕೊಂಡರು. (ಹಂಚಿಕೊಳ್ಳಬಾರದಿತ್ತು ಎಂಬುದು ಬೇರೆ ಮಾತು.) ಅದರಿಂದ ಕಲಿಯಬೇಕಾದದ್ದನ್ನು ಮಾತ್ರ ಯಾರೂ ಹಂಚಿಕೊಳ್ಳಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತೇವೆ. ಉಳಿಸಲು ಬಂದವನೇ ಆ ಹುಲ್ಲುಕಡ್ಡಿಯಾಗಿಬಿಡುತ್ತಾನೆ! ಉಸಿರಿಗಾಗಿ ಒದ್ದಾಡುವ ವ್ಯಕ್ತಿ ಹತ್ತಿರ ಬಂದವರ ಕುತ್ತಿಗೆ ಹಿಡಿದು ಮೇಲೇರಲು ನೋಡುತ್ತಾನೆ. ಅದು ಅವನ ತಪ್ಪಲ್ಲ, ಶರೀರದ ಸ್ವಭಾವ. ಒಳ್ಳೆಯ ಈಜುಗಾರರೂ ಈ ಹಿಡಿತದಲ್ಲಿ ಸಿಕ್ಕಿ ಸತ್ತಿದ್ದಾರೆ. ಆದ್ದರಿಂದ ತರಬೇತಿಯಿಲ್ಲದವರು ನೀರಿಗೆ ಹಾರಬಾರದು ಎಂಬುದೇ ಮೊದಲ ನಿಯಮ. ದಡದಲ್ಲಿ ಮಲಗಿ ದೋಟಿಯನ್ನೋ ಬಿದಿರನ್ನೋ ಚಾಚಬೇಕು. ಹಗ್ಗ ಎಸೆಯಬೇಕು, ಹಗ್ಗವಿಲ್ಲದಿದ್ದರೆ ಎರಡು ಸೀರೆ ಗಂಟು ಹಾಕಿದರೂ ಆದೀತು. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ನೀರಿನ ಕ್ಯಾನ್ ಒಬ್ಬ ದೊಡ್ಡವನ ತಲೆಯನ್ನು ನೀರಿನ ಮೇಲೆ ಹಿಡಿದಿಡಬಲ್ಲದು. ಪಿಕ್ನಿಕ್ಕಿಗೆ ಹೊರಟ ಪ್ರತಿ ವಾಹನದಲ್ಲೂ ಅಂತಹ ಕ್ಯಾನ್ ಇರುತ್ತದೆ, ಅದು ಜೀವ ಉಳಿಸುವ ಸಾಧನವೆಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮುಳುಗುವವರು ಕೈಬೀಸಿ ಬೊಬ್ಬೆ ಹಾಕುತ್ತಾರೆಂದು ಸಿನಿಮಾ ನೋಡಿ ನಂಬಿದ್ದೇವೆ. ನಿಜದಲ್ಲಿ ಬಾಯಿ ನೀರಿನ ಮಟ್ಟದಲ್ಲಿರುವವರಿಗೆ ಉಸಿರೆಳೆಯಲೇ ಪುರುಸೊತ್ತಿಲ್ಲ, ಕೂಗುವುದೆಲ್ಲಿಂದ ಬಂತು? ತಲೆ ಹಿಂದಕ್ಕೆ ವಾಲಿ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಾ, ಏಣಿ ಹತ್ತುವವರಂತೆ ಕಾಣುತ್ತಾರೆ. ಹೆಚ್ಚೆಂದರೆ ಒಂದು ನಿಮಿಷ, ಆಮೇಲೆ ಕಾಣುವುದಿಲ್ಲ. ಹತ್ತು ಮೀಟರ್ ದೂರದಲ್ಲಿ ಕುಳಿತು ಬಿರಿಯಾನಿ ಬಡಿಸುತ್ತಿರುವವರಿಗೆ ಇದು ತಿಳಿಯುವುದೇ ಇಲ್ಲ.

ಈಗ ಕಡಲಿನ ವಿಚಾರ. ದಡಕ್ಕೆ ಅಪ್ಪಳಿಸಿದ ಅಲೆಗಳ ನೀರು ಹಿಂದೆ ಹೋಗಲೇಬೇಕು. ಅದು ಎಲ್ಲ ಕಡೆಯಿಂದ ಸಮನಾಗಿ ಹೋಗದೆ, ಮರಳದಿಬ್ಬ ತಗ್ಗಿರುವ ಕಡೆ ಒಟ್ಟಾಗಿ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಇದೇ ಸೆಳೆತ. ಬಂಡೆ, ತಡೆಗೋಡೆ, ಅಳಿವೆಗಳ ಪಕ್ಕದಲ್ಲಿ ಇದು ಹೆಚ್ಚು. ಸೋಮೇಶ್ವರದ ಬಂಡೆಗಳ ಬದಿಯಾಗಲಿ, ಮೂರು ಕಡೆ ಕಡಲು ಸುತ್ತಿರುವ ಮುರ್ಡೇಶ್ವರದ ಕಂದುಕಗಿರಿಯ ಬುಡವಾಗಲಿ, ಉಳ್ಳಾಲದ ಕಲ್ಲಿನ ತಡೆಗೋಡೆಗಳ ಸುತ್ತಲಾಗಲಿ, ಎಚ್ಚರ ಬೇಕಾದ ಜಾಗಗಳು. ವಿಪರ್ಯಾಸವೆಂದರೆ ಸೆಳೆತವಿರುವ ಕಡೆ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ಇಲ್ಲಿ ಅಲೆ ಕಡಿಮೆ ಇದೆಯೆಂದು ಹೊರಗಿನವರು ಅಲ್ಲಿಯೇ ಇಳಿಯುತ್ತಾರೆ.

ಜೋರಾದ ಸೆಳೆತದ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆಯಾದದ್ದು 46.40 ಸೆಕೆಂಡುಗಳಲ್ಲಿ. ಲೆಕ್ಕ ಹಾಕಿ ನೋಡಿದರೆ ಆ ವೀರನೂ ಸೆಳೆತಕ್ಕೆ ಎದುರಾಗಿ ಹೆಚ್ಚು ಮುಂದೆ ಹೋಗಲಾರ. ಹಾಗಾದರೆ ನಮ್ಮ ಮಾತೇನು? ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಾಯುವುದು ದಡದತ್ತ ಹೋರಾಡಿ ದಣಿದು. ಹೋರಾಡದೆ ಬೆನ್ನ ಮೇಲೆ ತೇಲಿ, ಕೈಯೆತ್ತಿ ಸನ್ನೆ ಮಾಡಿ, ಹಿಡಿತ ಸಡಿಲವಾದ ಮೇಲೆ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಕಡೆಯಿಂದ ಹೊರಬರಬೇಕು. ಆದರೆ ತೇಲಲು ತಿಳಿಯದವರಿಗೆ ಈ ಉಪದೇಶದಿಂದ ಏನೂ ಪ್ರಯೋಜನವಿಲ್ಲ.

ಹಾಗಾಗಿ ಎಲ್ಲಕ್ಕೂ ಮೊದಲು ಬೇಕಾದದ್ದು ತೇಲುವುದು. ಈಜು ಕಲಿಸುವವರು ಹಲವರು ಮೊದಲ ದಿನದಿಂದಲೇ ಕೈಕಾಲು ಬಡಿಯಲು ಹೇಳುತ್ತಾರೆ. ಅದಕ್ಕಿಂತ ಮೊದಲು ಎದೆಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ ಮುಖ ಮುಳುಗಿಸಿ ಗುಳ್ಳೆ ಬಿಡುವುದನ್ನು, ನೀರಿನ ಹೊರಗೆ ಉಸಿರೆಳೆದು ಒಳಗೆ ಬಿಡುವುದನ್ನು ರೂಢಿ ಮಾಡಿಸಬೇಕು. ಆಮೇಲೆ ಬೆನ್ನ ಮೇಲೆ ಮಲಗುವುದು: ಕಿವಿ ನೀರಿನೊಳಗೆ, ಗಲ್ಲ ಮೇಲಕ್ಕೆ, ಹೊಟ್ಟೆ ಮೇಲಕ್ಕೆ, ಕೈಗಳು ಅಗಲಕ್ಕೆ. ಎದೆ ತುಂಬ ಗಾಳಿಯಿದ್ದರೆ ಹೆಚ್ಚಿನವರ ಮೈ ತಾನಾಗಿ ನಿಲ್ಲುತ್ತದೆ, ಉಪ್ಪು ನೀರಿನಲ್ಲಂತೂ ಇನ್ನೂ ಸುಲಭ. ಹೆದರಿ ತಲೆಯೆತ್ತಿದರೆ, ಕೈಗಳನ್ನು ನೀರಿನಿಂದ ಹೊರಗೆತ್ತಿದರೆ ಅಷ್ಟು ಭಾರ ಕೆಳಕ್ಕೆ ತಳ್ಳುತ್ತದೆ. ಇದು ಬಂದ ನಂತರ ನಿಂತ ಭಂಗಿಯಲ್ಲಿ ಕಾಲಾಡಿಸುತ್ತಾ ತಲೆ ಮೇಲಿಡುವುದು, ಕೊನೆಗೆ ಯಾವುದೇ ಬಗೆಯಲ್ಲಾದರೂ 25 ಮೀಟರ್ ಮುಂದೆ ಸಾಗುವುದು. ನಮ್ಮ ಹಿರಿಯರು ಸಿಪ್ಪೆ ಸಮೇತದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಮಕ್ಕಳ ಎದೆಯಡಿ ಇಟ್ಟು ಕೆರೆಗೆ ಬಿಡುತ್ತಿದ್ದರು. ಆ ವಿಧಾನದಲ್ಲಿ ಇದ್ದದ್ದೂ ಇದೇ ಕ್ರಮ.

ಈ 25 ಮೀಟರ್ ಲೆಕ್ಕ ನನ್ನದಲ್ಲ. ನಮ್ಮಂತೆಯೇ ಕೆರೆ, ಹೊಳೆಗಳ ನಡುವೆ ಬದುಕುವ ಬಾಂಗ್ಲಾದೇಶದಲ್ಲಿ ‘ಸ್ವಿಮ್‌ಸೇಫ್’ ಎಂಬ ಕಾರ್ಯಕ್ರಮ ನಡೆಯಿತು. ಅಲ್ಲಿ ಈಜುಕೊಳ ಕಟ್ಟಲಿಲ್ಲ. ಹಳ್ಳಿಯ ಕೆರೆಗಳಲ್ಲೇ ಬಿದಿರಿನ ಅಟ್ಟಣಿಗೆ ಹಾಕಿ, ಊರಿನವರಿಗೇ ತರಬೇತಿ ಕೊಟ್ಟು, ಅವರ ಮೂಲಕ ಮಕ್ಕಳಿಗೆ ಕಲಿಸಿದರು. 25 ಮೀಟರ್ ಈಜು, ಅರ್ಧ ನಿಮಿಷ ತೇಲುವುದು, ದಡದಿಂದಲೇ ಕೋಲು ಚಾಚಿ ಇನ್ನೊಬ್ಬರನ್ನು ಉಳಿಸುವುದು, ಇಷ್ಟೇ ಪಾಠ. ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇಕಡಾ 90ಕ್ಕೂ ಮಿಕ್ಕಿ ಇಳಿದಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಶಾಲಾ ವಯಸ್ಸಿನ ಮಕ್ಕಳಿಗೆ ಇಂತಹ ತರಬೇತಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮಂಗಳೂರಿನಲ್ಲಿ ಲೇಡಿಹಿಲ್‌ನ ಮಂಗಳಾ ಈಜುಕೊಳವಿದೆ, 2023ರಲ್ಲಿ ಎಮ್ಮೆಕೆರೆಯಲ್ಲಿ ಅಂತಾರಾಷ್ಟ್ರೀಯ ಮಟ್ಟದ ಕೊಳ ಉದ್ಘಾಟನೆಗೊಂಡಿತು, ಉಡುಪಿಯ ಅಜ್ಜರಕಾಡಿನಲ್ಲೂ ಕೊಳವಿದೆ. ಪೇಟೆಯ ಮಕ್ಕಳಿಗೆ ಇದು ಸಾಕಾದೀತು. ಬೆಳ್ತಂಗಡಿಯ ಒಳಭಾಗದ, ಕುಂದಾಪುರದ ಹಳ್ಳಿಗಳ ಮಕ್ಕಳು ದಿನಾ ಬಸ್ಸು ಹಿಡಿದು ಇಲ್ಲಿಗೆ ಬರಲು ಸಾಧ್ಯವೇ? ಅವರಿಗೆ ಊರಿನ ಕೆರೆಯೇ ಕೊಳವಾಗಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಬೇಸಿಗೆ ಶಿಬಿರಗಳಿಗೆ ಕೊರತೆಯಿಲ್ಲ. ಹಾಡು, ಚಿತ್ರಕಲೆ, ನಾಯಕತ್ವ ಎಲ್ಲವೂ ಇರುತ್ತದೆ. ಪಂಚಾಯತಿನ ಅನುಮತಿ ಪಡೆದು, ಹೂಳೆತ್ತಿದ ಒಂದು ಕೆರೆಯಲ್ಲಿ, ಹಗ್ಗ ಕಟ್ಟಿ ಆಳದ ಗಡಿ ಗುರುತಿಸಿ, ತರಬೇತಿ ಪಡೆದವರ ಎದುರಿನಲ್ಲೇ ಎರಡು ವಾರ ಈಜು ಕಲಿಸುವ ಶಿಬಿರ ಏಕೆ ಆಗಬಾರದು? ಐಸಿವೈಎಂ ಯುವಕರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಹೆಣ್ಣುಮಕ್ಕಳ ವಿಷಯವನ್ನು ಬಿಟ್ಟುಬಿಡಬಾರದು. ಮೇಲಿನ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಹುಡುಗಿಯರು. ಹುಡುಗರು ಅಣ್ಣನ ಜೊತೆ, ನೆರೆಮನೆಯವರ ಜೊತೆ ಹೊಳೆಗೆ ಹೋಗಿ ಹೇಗೋ ಕಲಿಯುತ್ತಾರೆ. ಹುಡುಗಿಗೆ ‘ನಿನಗೇಕೆ ಅದೆಲ್ಲ’ ಎನ್ನುತ್ತೇವೆ, ಮುಂದೆ ಕಾಲೇಜು ಸೇರಿದಾಗ ಪ್ರವಾಸಕ್ಕೆ ಕಳುಹಿಸುತ್ತೇವೆ. ಮಹಿಳಾ ತರಬೇತುದಾರರು ಸಿಗುವುದು ಕಷ್ಟ ಎಂಬುದು ನಿಜ. ಆದರೆ ಊರಿಗೆ ಇಬ್ಬರು ಯುವತಿಯರಿಗೆ ಮೊದಲು ಕಲಿಸಿದರೆ ಮುಂದಿನ ವರ್ಷದ ತರಬೇತುದಾರರು ಅವರೇ. ಬಟ್ಟೆಯ ಬಗ್ಗೆಯೂ ಸಂಕೋಚ ಬೇಡ. ಮೈಗಂಟಿದ ಲೆಗ್ಗಿಂಗ್ಸ್ ಮತ್ತು ಟೀಶರ್ಟ್ ಸಾಕು. ಶಾಲು, ಜೀನ್ಸ್, ಸೀರೆ ಮಾತ್ರ ನೀರಿನಲ್ಲಿ ಕಾಲು ಕಟ್ಟುತ್ತವೆ.

ಈಜು ಬಂದರೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಕೊಳದಲ್ಲಿ ಕಲಿತ ಹುಡುಗ ಹೊಳೆಯನ್ನು ಕೊಳವೆಂದು ತಿಳಿದರೆ ಅಪಾಯ. ಮರಳು ತೆಗೆದ ಹೊಳೆಯಲ್ಲಿ ಮೊಣಕಾಲಿನ ನೀರಿನಿಂದ ಒಂದು ಹೆಜ್ಜೆಗೆ ಆಳುದ್ದದ ಗುಂಡಿ ಸಿಗುತ್ತದೆ, ಅಳಿವೆ ಹತ್ತಿರದ ನದಿಯಲ್ಲಿ ಬೆಳಗ್ಗೆ ನಿಂತ ಜಾಗ ಮಧ್ಯಾಹ್ನದ ಉಬ್ಬರಕ್ಕೆ ಆಳವಾಗಿರುತ್ತದೆ. ಕೈಬಿಟ್ಟ ಕೆಂಪುಕಲ್ಲಿನ ಕೋರೆಗಳಿಗಂತೂ ಈಜುಗಾರರೂ ಇಳಿಯಬಾರದು, ನೇರ ಗೋಡೆ, ಹತ್ತಿ ಬರಲು ಹಿಡಿಯಿಲ್ಲ. ದೋಣಿಯಲ್ಲಿ ಹೋಗುವಾಗ ಲೈಫ್ ಜಾಕೆಟ್ ಎಲ್ಲರಿಗೂ ಕಡ್ಡಾಯ. ಮಳೆಗಾಲದಲ್ಲಿ ದೋಣಿಯಲ್ಲೇ ನೇತ್ರಾವತಿ ದಾಟುತ್ತಾ ಬಂದಿರುವ ಪಾವೂರು ಉಳಿಯ ಕುದ್ರುವಿನಂತಹ ಕಡೆ ಅದು ಕೊಡೆಯಷ್ಟೇ ಸಾಮಾನ್ಯ ವಸ್ತುವಾಗಬೇಕು. ಇನ್ನು ನಡೆದಾಡಲು ಕಲಿತ ಪುಟ್ಟ ಮಗುವಿಗೆ ಕಡಲು ಬೇಕಿಲ್ಲ, ಬಚ್ಚಲಿನ ಬಕೆಟ್ಟು, ಕಟ್ಟೆಯಿಲ್ಲದ ಬಾವಿ, ಅಂಗಳದ ಇಂಗುಗುಂಡಿ ಸಾಕು. ಅಲ್ಲಿ ಮುಚ್ಚಳ, ಬೇಲಿ ಮತ್ತು ದೊಡ್ಡವರ ಕಣ್ಣು ಬಿಟ್ಟರೆ ಬೇರೆ ರಕ್ಷಣೆಯಿಲ್ಲ.

ನೀರಿನಿಂದ ಎತ್ತಿದವರಿಗೆ ಮಾಡುವ ಉಪಚಾರದಲ್ಲೂ ನಮ್ಮಲ್ಲಿ ಹಳೆಯ ರೂಢಿಗಳಿವೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ಮಗುವನ್ನು ತಲೆಕೆಳಗಾಗಿ ಹಿಡಿಯುವುದು ಇತ್ಯಾದಿ. ಇವು ಸಮಯ ಹಾಳು ಮಾಡುತ್ತವೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವಂತೆಯೂ ಮಾಡುತ್ತವೆ. ಉಸಿರಾಟವಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು, ಆಮೇಲೆ ಎದೆಯ ನಡುವೆ 30 ಬಾರಿ ಜೋರಾಗಿ ಒತ್ತಿ 2 ಉಸಿರು, ಮತ್ತೆ 30, ಹೀಗೆ ನೆರವು ಬರುವವರೆಗೆ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಅಷ್ಟರಲ್ಲಿ ಇನ್ನೊಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡು ಎದ್ದು ಕುಳಿತರೂ ಆಸ್ಪತ್ರೆಗೆ ಹೋಗಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳುತ್ತದೆ. ನಮ್ಮ ಪ್ರತಿಯೊಂದು ವಾಳೆಯಲ್ಲೂ ಒಬ್ಬರಾದರೂ ನರ್ಸ್ ಇರುತ್ತಾರೆ. ಒಂದು ವಾಳೆ ಸಭೆಯ ಅರ್ಧ ಗಂಟೆ ಅವರಿಗೆ ಕೊಟ್ಟರೆ ಇದನ್ನು ಎಲ್ಲರೂ ಕೈಯಾರೆ ಮಾಡಿ ಕಲಿಯಬಹುದು.

ಧರ್ಮಶಿಕ್ಷಣದ ಮಕ್ಕಳ, ಪೂಜಾ ಸಹಾಯಕ ಮಕ್ಕಳ, ವೈಸಿಎಸ್‌ನ ಪಿಕ್ನಿಕ್ಕುಗಳು ಹೆಚ್ಚಾಗಿ ಬೀಚಿಗೇ ಹೋಗುತ್ತವೆ. ಹೋಗಲಿ, ಬೇಡವೆನ್ನುವುದು ಸರಿಯಲ್ಲ. ಜೀವರಕ್ಷಕರಿರುವ ಬೀಚನ್ನು ಆರಿಸಿಕೊಳ್ಳಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿದ್ದು, ಆ ಮಾನ್ಯತೆಗೆ ಜೀವರಕ್ಷಕರು ಇರಬೇಕೆಂಬುದೂ ಒಂದು ಷರತ್ತು. ಅವರು ಶಿಳ್ಳೆ ಊದಿದಾಗ ವಾದಕ್ಕೆ ನಿಲ್ಲಬೇಡಿ. ನೀರಿಗಿಳಿಯುವ ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ, ಸೊಂಟದ ಮೇಲೆ ನೀರು ಬರದ ಹಾಗೆ ಗಡಿ ಹಾಕಿ. ಆ ಹೊತ್ತಿನಲ್ಲಿ ನೀರನ್ನೇ ನೋಡುತ್ತಾ ನಿಲ್ಲಲು ಇಬ್ಬರು ಹಿರಿಯರನ್ನು ನೇಮಿಸಿ. ಅವರ ಕೈಯಲ್ಲಿ ಮೊಬೈಲು ಬೇಡ, ಊಟದ ಜವಾಬ್ದಾರಿಯೂ ಬೇಡ, ಹಗ್ಗ ಮತ್ತು ಆ ಖಾಲಿ ಕ್ಯಾನ್ ಇರಲಿ. ಹೆತ್ತವರಿಗೆ ಕಳುಹಿಸುವ ಒಪ್ಪಿಗೆ ಪತ್ರದಲ್ಲಿ ಶುಲ್ಕ, ಹೊರಡುವ ಸಮಯ, ಊಟದ ವಿವರಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ನಿಮ್ಮ ಮಗುವಿಗೆ ತೇಲಲು ಬರುತ್ತದೆಯೇ?’ ಬಂದ ಉತ್ತರಗಳನ್ನು ಎಣಿಸಿದರೆ ಮುಂದಿನ ಬೇಸಿಗೆ ಶಿಬಿರಕ್ಕೆ ಎಷ್ಟು ಮಕ್ಕಳನ್ನು ಸೇರಿಸಬೇಕೆಂಬ ಪಟ್ಟಿಯೂ ಸಿದ್ಧವಾಗುತ್ತದೆ.