ಹಸಿವು ಗಡ್ಡೆಗಿರಲಿ, ರೋಗಿಗೆ ಬೇಡ

ಸಿರುಗುಪ್ಪದ ಓದುಗರೊಬ್ಬರು ಕೇಳಿದ್ದಾರೆ: ಅತ್ತೆಯವರಿಗೆ ಕ್ಯಾನ್ಸರ್. ಅನ್ನ, ಸಕ್ಕರೆ ಬಿಡಿಸಿದರೆ ಗಡ್ಡೆ ಹಸಿದು ಸಾಯ್ತದೆ ಅಂತಾರೆ ನೆಂಟರು, ಬಿಡಿಸಲೇ?

ಬೇಡಮ್ಮ, ಖಂಡಿತ ಬೇಡ. ಭತ್ತದ ಸೀಮೆಯಲ್ಲೇ ಅನ್ನಕ್ಕೆ ಈ ಅಪವಾದವೇ! ಗಡ್ಡೆ ಸಕ್ಕರೆಯನ್ನು ಹೆಚ್ಚು ನುಂಗುತ್ತದೆಂಬುದು ನಿಜ. ಜರ್ಮನಿಯ ವಾರ್‌ಬರ್ಗ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ತೋರಿಸಿದ್ದರು. ಆದರೆ ಊಟ ನಿಲ್ಲಿಸಿದರೆ ಮೈಯ ಮಾಂಸಖಂಡ ಕರಗಿ, ಪಿತ್ತಜನಕಾಂಗ ಅದರಿಂದಲೇ ಸಕ್ಕರೆ ಮಾಡಿಕೊಳ್ಳುತ್ತದೆ. ಗಡ್ಡೆಗೆ ಸಿಗೋದು ಸಿಕ್ಕೇ ಸಿಗ್ತದೆ, ಸೊರಗೋರು ಅತ್ತೆಯವರು.

ಗಡ್ಡೆಯ ತುತ್ತು ತಪ್ಪಿಸುವ ಕೆಲಸ ಔಷಧಿಯದು. ಬಸುರಿಯರಿಗೆ ಕೊಡುವ ಫೋಲಿಕ್ ಆಮ್ಲ ಗೊತ್ತಲ್ಲ? ಜೀವಕೋಶ ಒಂದು ಎರಡಾಗಲು ಆ ಜೀವಸತ್ವ ಬೇಕೇ ಬೇಕು. ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ಅದನ್ನೇ ಹೋಲುವ ಹುಸಿ ವಸ್ತು ತಯಾರಿಸಿತು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ಕೆಲವು ಮಕ್ಕಳಿಗೆ ಕೆಲಕಾಲ ರೋಗ ತಗ್ಗಿತೆಂದು 1948ರಲ್ಲಿ ಪ್ರಕಟಿಸಿದರು. ಅದೇ ಕುಲದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಜೀವಸತ್ವ ಹೋಗುವ ಬಾಗಿಲಿಂದಲೇ ಕೋಶದೊಳಗೆ ನುಗ್ಗಿ ಕೆಲಸ ಕೆಡಿಸುತ್ತದೆ. ಹಾಗಾಗಿ ಈ ಔಷಧಿ ನಡೆದಿದ್ದರೆ ಡಾಕ್ಟರನ್ನು ಕೇಳದೆ ಅಂಗಡಿಯ ವಿಟಮಿನ್ ಗುಳಿಗೆ, ಟಾನಿಕ್ ತಂದು ಕೊಡಬೇಡಿ.

ಇನ್ನು ಊಟ. ಮೆತ್ತಗಿನ ಅನ್ನ, ಬೇಳೆಕಟ್ಟು, ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆ, ಸ್ವಲ್ಪ ಸ್ವಲ್ಪವೇ ನಾಲ್ಕಾರು ಸಲ ಕೊಡಿ. ಬಾಯಿ ಹುಣ್ಣಾಗಿದ್ದರೆ ನಮ್ಮ ಬಳ್ಳಾರಿ ಖಾರ ದೂರವಿರಲಿ. ಸಕ್ಕರೆ ಕಾಯಿಲೆಯಿದ್ದವರಿಗೆ ಡಾಕ್ಟರು ಹೇಳಿದ್ದೇ ಅಳತೆ. ಕುರುಗೋಡಿನಂಥ ಊರುಗಳಿಂದ ಬಳ್ಳಾರಿ ಆಸ್ಪತ್ರೆಗೆ ಬಸ್ಸಿನಲ್ಲಿ ಬರುವವರು ಬೆಳಿಗ್ಗೆ ಮಾಡಿದ ಉಪ್ಪಿಟ್ಟಿನ ಡಬ್ಬಿ ಜೊತೆಗೊಯ್ಯಿರಿ. ಖಾಲಿಹೊಟ್ಟೆಯ ರಕ್ತಪರೀಕ್ಷೆಯಿದ್ದರೆ, ಮುಗಿದ ಕೂಡಲೇ ಅಲ್ಲೇ ಬೆಂಚಿನ ಮೇಲೆ ಕೂರಿಸಿ ತಿನ್ನಿಸಿ.